ಎಕ್ಸ್‌ರೇಗೆ ಕಾಣದ ನೋವನ್ನು ಸುಳ್ಳೆನ್ನಬೇಡಿ

ದೈಹಿಕ ಶಿಕ್ಷಕರೇ, ಕೋಚ್‌ಗಳೇ, ಕ್ರೀಡಾ ಹಾಸ್ಟೆಲ್ಲುಗಳ ವಾರ್ಡನ್ನರೇ, ಮಕ್ಕಳನ್ನು ಮೈದಾನಕ್ಕೆ ಕಳಿಸುವ ಅಪ್ಪ–ಅವ್ವಂದಿರೇ, ನಿಮ್ಮಲ್ಲಿ ಕೈಮುಗಿದು ಒಂದು ಮಾತು ಕೇಳುತ್ತಿದ್ದೇನೆ. ಓಡುವ ಮಗು ನಿಮ್ಮ ಮುಂದೆ ಬಂದು ನಿಂತು “ಕಾಲು ಧಗಧಗ ಉರೀತದೆ, ಪಾದದ ಮೇಲೆ ಇರುವೆ ಹರಿದ ಹಾಗಾಗ್ತದೆ” ಎಂದರೆ ಆ ಮಾತನ್ನು ನಂಬಿ. ಎಕ್ಸ್‌ರೇ ಬರುವ ಮೊದಲೂ ನಂಬಿ. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದು ಗೊತ್ತಾದ ಮೇಲಂತೂ ನಂಬಲೇಬೇಕು.

ಫಿಸಿಯೋಥೆರಪಿ ನನ್ನ ಕಸುಬು. ಉತ್ತರ ಕರ್ನಾಟಕದ ಮೈದಾನಗಳ ಅಂಚಿನಲ್ಲಿ ಮಕ್ಕಳ ಕಾಲು ಮುಟ್ಟಿ ನೋಡುತ್ತ ಬಂದವರಲ್ಲಿ ನಾನೂ ಒಬ್ಬ. ನಮ್ಮಂಥವರ ಬಳಿ ಬರುವಷ್ಟರಲ್ಲಿ ಈ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ಸವೆಸಿ ಬಂದಿರುತ್ತಾರೆ. ಮೊದಲು ನೋವಿನ ಸ್ಪ್ರೇ, ಆಮೇಲೆ ಕ್ರೇಪ್ ಬ್ಯಾಂಡೇಜು, ಅದರ ಬೆನ್ನಿಗೆ ಊರಿನ ಉಳುಕು ತೆಗೆಯುವವರ ಎಣ್ಣೆ ತಿಕ್ಕಾಟ, ಎಲ್ಲ ಮುಗಿದ ಮೇಲೆ ಒಂದು ಎಕ್ಸ್‌ರೇ. “ಎಲುಬು ಸರಿಯಾಗಿದೆ” ಎಂದು ಡಾಕ್ಟರು ಹೇಳಿದ್ದು ಮನೆ ಮುಟ್ಟುವಾಗ “ಏನೂ ಆಗಿಲ್ಲ” ಎಂದಾಗುತ್ತದೆ. ಮೈದಾನ ಮುಟ್ಟುವಾಗ “ನಾಟಕ ಮಾಡಬ್ಯಾಡ, ಇನ್ನೆರಡು ರೌಂಡ್ ಹೊಡಿ” ಎಂದಾಗುತ್ತದೆ. ಎಕ್ಸ್‌ರೇ ತೋರಿಸುವುದು ಎಲುಬನ್ನು. ನರ ಅದರಲ್ಲಿ ಬೀಳುವುದೇ ಇಲ್ಲ. ಬೀಳದ ವಸ್ತುವಿನ ಬಗ್ಗೆ ಆ ಫಿಲ್ಮು ಹೌದೆಂದೂ ಹೇಳಲಾರದು, ಅಲ್ಲವೆಂದೂ ಹೇಳಲಾರದು. ಆದರೂ ನಾವು ಅದನ್ನೇ ಹಿಡಿದು ಮಗುವನ್ನು ಸುಳ್ಳುಗಾರ ಮಾಡುತ್ತೇವೆ.

ಓಟಗಾರರ ಕಣಕಾಲಿನ ನೋವೆಲ್ಲ ನರದ್ದೇ ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಎಲುಬಿನದು, ಸ್ನಾಯುವಿನದು. ಕಣಕಾಲಿನ ಒಳಅಂಚಿನ ಎಲುಬಿನುದ್ದಕ್ಕೂ ಒತ್ತಿದರೆ ನೋಯುವುದು, ಓಟ ಶುರುವಾದಾಗ ಹಿಂಡಿ ಆಮೇಲೆ ತುಸು ಸಡಿಲುವುದು ಎಲ್ಲ ಕೋಚ್‌ಗಳಿಗೂ ಪರಿಚಿತ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಬೆರಳಿಟ್ಟು ತೋರಿಸುವಂಥ, ರಾತ್ರಿ ಮಲಗಿದರೂ ಬಿಡದ ನೋವಿದ್ದರೆ ಎಲುಬಿನಲ್ಲಿ ಸಣ್ಣ ಬಿರುಕಿರಬಹುದು. ಅದೂ ಮೊದಲ ವಾರಗಳ ಎಕ್ಸ್‌ರೇಗೆ ಹಲವು ಸಲ ಸಿಗುವುದಿಲ್ಲ. ನರದ ನೋವಿನ ನಡೆ ಬೇರೆ. ಅದು ಒಂದು ಗೆರೆ ಹಿಡಿದು ಹರಿಯುತ್ತದೆ. ಉರಿಯುತ್ತದೆ, ಚುಳ್ಳೆನ್ನುತ್ತದೆ, ಕರೆಂಟು ಹೊಡೆದ ಹಾಗೆ ಬೆರಳತುದಿಗೆ ಹೋಗುತ್ತದೆ, ಜೋಮು ಬಿಟ್ಟುಹೋಗುತ್ತದೆ. ಮಗು ಎಲ್ಲಿ ನೋವು ಎಂದು ಒಂದು ಬೆರಳಿನಿಂದ ತೋರಿಸುವುದಿಲ್ಲ, ಅಂಗೈಯಿಂದ ಸವರಿ ತೋರಿಸುತ್ತದೆ. ಆ ಸವರುವ ಕೈಯನ್ನು ಗಮನಿಸಿ ಎಂದು ನಾನು ಎಳೆಯ ಕೋಚ್‌ಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಸೊಂಟದಿಂದ ಹೊರಟ ದೊಡ್ಡ ಸಯಾಟಿಕ್ ನರ ತೊಡೆಯ ಹಿಂದೆ ಇಳಿದು ಮೊಣಕಾಲಿನ ತುಸು ಮೇಲೆ ಎರಡಾಗುತ್ತದೆ. ಒಂದು ಕವಲು, ಟಿಬಿಯಲ್ ನರ, ಮೀನಖಂಡದ ಆಳದಲ್ಲಿ ಇಳಿದು ಹರಡಿನ ಒಳಮಗ್ಗುಲಲ್ಲಿ ಬಳಸಿ ಅಂಗಾಲು ಸೇರುತ್ತದೆ. ಇನ್ನೊಂದು ಪೆರೋನಿಯಲ್ ನರ. ಮೊಣಕಾಲಿನ ಹೊರಮಗ್ಗುಲಲ್ಲಿ, ಕೀಲಿನಿಂದ ತುಸು ಕೆಳಗೆ, ಕೈಗೆ ಸಿಗುವ ಒಂದು ಎಲುಬಿನ ಗುಬುಟಿದೆಯಲ್ಲ, ಅದರ ಕುತ್ತಿಗೆಯನ್ನು ಸುತ್ತಿಕೊಂಡು ಈ ನರ ಮುಂದಕ್ಕೆ ಬರುತ್ತದೆ. ಅಲ್ಲಿ ಅದಕ್ಕೆ ಮಾಂಸದ ಮರೆಯಿಲ್ಲ. ಕೆಳಗೆ ಎಲುಬು, ಮೇಲೆ ಚರ್ಮ, ನಡುವೆ ನರ. ಪಾದವನ್ನು ಮೇಲಕ್ಕೆತ್ತುವ ಶಕ್ತಿಯೆಲ್ಲ ಹಾದುಹೋಗುವುದು ಇದೇ ದಾರಿಯಲ್ಲಿ. ಕಬಡ್ಡಿಯಲ್ಲಿ ಮೊಣಕಾಲು ತಿರುಚಿ ಬಿದ್ದರೂ, ಫುಟ್‌ಬಾಲಿನಲ್ಲಿ ಒದೆ ಬಿದ್ದರೂ, ಪ್ಯಾಡಿನ ಪಟ್ಟಿ ಬಿಗಿಯಾದರೂ ಏಟು ತಿನ್ನುವುದು ಈ ಜಾಗ. ಉಳುಕಿದ ಮೊಣಕಾಲಿಗೆಂದು ಐಸ್ ಗಡ್ಡೆಯನ್ನು ಬಟ್ಟೆಯಿಲ್ಲದೆ ಇಲ್ಲೇ ಕಟ್ಟಿ ಬಹಳ ಹೊತ್ತು ಕೂರಿಸಿದ್ದರಿಂದ ಪಾದ ಎತ್ತಲಾಗದೆ ಹೋದ ಆಟಗಾರರ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂತವರಲ್ಲೂ ಈ ನರ ಸೋಲುತ್ತದೆ. ಹೊಲದಲ್ಲಿ ಕೂತು ಹಣ್ಣು ಬಿಡಿಸುವ ಕೂಲಿಗಳಲ್ಲಿ ಇದನ್ನು ವೈದ್ಯರು ಹಿಂದೆಯೇ ಗುರುತಿಸಿದ್ದಾರೆ. ಈಗ ನಮ್ಮ ಖೋ ಖೋ ಅಂಕಣ ನೆನೆಯಿರಿ. ಚೌಕಗಳಲ್ಲಿ ಎಂಟು ಮಕ್ಕಳು ಕುಕ್ಕರಿಸಿ ಸಿದ್ಧವಾಗಿ ಕೂತಿರುತ್ತಾರೆ. ಪಂದ್ಯದಲ್ಲಿ ಸರದಿ 9 ನಿಮಿಷಕ್ಕೆ ಮುಗಿಯುತ್ತದೆ, ನಡುನಡುವೆ ಎದ್ದು ಓಡುವುದೂ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಅಭ್ಯಾಸದ ಹೊತ್ತಿನಲ್ಲಿ, ಅದರಲ್ಲೂ ಶಿಕ್ಷೆಯ ಹೆಸರಿನಲ್ಲಿ, ಕೂತಲ್ಲೇ ಕೂರಿಸುವುದಿದೆಯಲ್ಲ, ಅದನ್ನು ಬಿಡಿ ಎಂದು ಕೇಳುತ್ತಿದ್ದೇನೆ. ತಪ್ಪು ಮಾಡಿದ ಹುಡುಗನನ್ನು ಕುಕ್ಕರುಗಾಲಲ್ಲಿ ಕೂರಿಸುವ ಶಿಕ್ಷೆ ಯಾವ ಆಟವನ್ನೂ ಕಲಿಸುವುದಿಲ್ಲ.

ಪೆರೋನಿಯಲ್ ನರ ಮುಂದೆ ಮತ್ತೆ ಕವಲೊಡೆಯುತ್ತದೆ. ಒಂದು ಕವಲು ಆಳದಲ್ಲಿ ಹೋಗುತ್ತದೆ. ಇನ್ನೊಂದು, ಸೂಪರ್‌ಫಿಶಿಯಲ್ ಪೆರೋನಿಯಲ್ ಎನ್ನುವುದು, ಕಣಕಾಲಿನ ಹೊರಮಗ್ಗುಲಲ್ಲಿ ಇಳಿದು, ಹರಡಿನ ಹೊರಗುಬ್ಬಿನಿಂದ ಸುಮಾರು 10–12 ಸೆಂಟಿಮೀಟರ್ ಮೇಲೆ, ಸ್ನಾಯುಗಳನ್ನು ಬಿಗಿಯಾಗಿ ಸುತ್ತಿದ ಬಿಳಿಪೊರೆಯನ್ನು ತೂರಿ ಚರ್ಮದಡಿಗೆ ಬರುತ್ತದೆ. ಸೈಕಲ್ಲಿನ ಬ್ರೇಕ್ ವಯರು ಕವಚದೊಳಗೆ ಸರಾಗ ಜಾರುವ ಹಾಗೆ ನರ ಇಂಥ ಕಂಡಿಯಲ್ಲಿ ಹಿಂದೆ ಮುಂದೆ ಜಾರುತ್ತಿರಬೇಕು. ಕಂಡಿ ಬಿಗಿಯಾದರೆ, ಓಡಿ ಸ್ನಾಯು ಉಬ್ಬಿದರೆ, ಉಳುಕಿದ ಹರಡು ಮತ್ತೆ ಮತ್ತೆ ಒಳಕ್ಕೆ ಹೊರಳಿ ನರವನ್ನು ಎಳೆದರೆ ಅದು ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಹೀಗೆ ಉರಿಯುವ ಕಾಲಿನೊಂದಿಗೆ ನನ್ನ ಬಳಿ ಬಂದವಳೊಬ್ಬಳು ಒಂಬತ್ತನೇ ತರಗತಿಯ ಹುಡುಗಿ, ಖೋ ಖೋ ಆಡುವವಳು. ಹಿಂದಿನ ವರ್ಷ ಬಲಗಾಲಿನ ಹರಡು ಉಳುಕಿತ್ತು; ಬಾವು ಇಳಿದ ಮೇಲೆ ಯಾರೂ ಅದರ ಸುದ್ದಿಗೆ ಹೋಗಿರಲಿಲ್ಲ. ಮಂಚದ ಮೇಲೆ ಮಲಗಿಸಿ ನೋಡಿದರೆ ಎಲ್ಲ ಸರಿ. ಎಲುಬು ಒತ್ತಿದರೆ ನೋವಿಲ್ಲ, ಬಲ ಸರಿಯಾಗಿದೆ. ಅಷ್ಟಕ್ಕೇ ಕಳಿಸಿಬಿಡಬಹುದಿತ್ತು; ಹಾಗೆ ಕಳಿಸಿದವರೂ ಇದ್ದರು. “ನೋವು ಶುರುವಾಗೋ ತನಕ ಓಡು, ಶುರುವಾದ ಕೂಡಲೇ ಬಾ” ಎಂದೆ. ಬೆವರು ಸುರಿಸುತ್ತ ಬಂದು ಬೂಟು ಬಿಚ್ಚಿದಳು. ಕಣಕಾಲಿನ ಹೊರಮಗ್ಗುಲಲ್ಲಿ, ಮೊದಲು ಏನೂ ಇಲ್ಲದ ಕಡೆ, ಹುಣಸೆಬೀಜದಷ್ಟು ಮೆತ್ತನೆಯ ಉಬ್ಬು ಎದ್ದಿತ್ತು. ಪೊರೆಯ ಕಂಡಿಯಿಂದ ಸ್ನಾಯು ಹೊರಗಿಣುಕುತ್ತಿತ್ತು. ಅದರ ಪಕ್ಕದಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿದೆ. “ಅವ್ವಾ!” ಎಂದು ಕಾಲೆಳೆದುಕೊಂಡಳು. ತಟ್ಟಿದ್ದು ಅಲ್ಲಿ, ಚುಳ್ಳೆಂದದ್ದು ಪಾದದ ಮೇಲೆ, ಬೆರಳುಗಳವರೆಗೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಸವರಿದೆ. ಪಾದದ ಮೇಲ್ಭಾಗದಲ್ಲಿ ಸವರಿದ್ದು ಅವಳಿಗೆ ಮಂದವಾಗಿ ತಿಳಿಯುತ್ತಿತ್ತು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿನಲ್ಲಿ ಮಾತ್ರ ಚೆನ್ನಾಗಿ ತಿಳಿಯಿತು. ಆ ಸಂದು ಆಳದ ಕವಲಿಗೆ ಸೇರಿದ್ದು; ಸಿಕ್ಕಿಕೊಂಡದ್ದು ಮೇಲಿನ ಕವಲು. ಹೀಗೆ ಹೀಗೆ ಆಗಿದೆ ನೋಡವ್ವ ಎಂದು ನಾನು ಹೇಳಿ ಮುಗಿಸುವ ಮೊದಲೇ ಕೇಳಿದಳು: “ಹಂಗಾರ ನಾ ಸುಳ್ಳ ಹೇಳಿದ್ದಿಲ್ಲಲ್ರೀ?”

ನೋವಿಗಿಂತ ಆ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದೆ. ದೊಡ್ಡವರೆಲ್ಲ ಸೇರಿ ಒಂದು ಮಗುವಿಗೆ ತನ್ನ ಕಾಲಿನ ಮೇಲೆಯೇ ಅನುಮಾನ ಬರುವ ಹಾಗೆ ಮಾಡಿದ್ದೆವು. ಅವಳಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗಲಿಲ್ಲ. ಬಿಗಿ ಬ್ಯಾಂಡೇಜು ತೆಗೆಸಿ, ಓಟ ಕಡಿಮೆ ಮಾಡಿಸಿ, ಸೋತ ಹರಡಿಗೆ ಬಲ ಬರಿಸಿ, ನರ ಸರಾಗ ಜಾರುವಂಥ ವ್ಯಾಯಾಮ ಕಲಿಸಿದ್ದಕ್ಕೆ ಮುಂದಿನ ಹಂಗಾಮಿಗೆ ಅಂಕಣದಲ್ಲಿದ್ದಳು. ಬೇಗ ಹಿಡಿದರೆ ಇಂಥ ನೋವುಗಳಲ್ಲಿ ಹಲವು ಇಷ್ಟರಲ್ಲೇ ಮುಗಿಯುತ್ತವೆ. ಕೆಲವರಿಗೆ ಪೊರೆಯ ಕಂಡಿ ಸಡಿಲಿಸುವ ಸಣ್ಣ ಆಪರೇಷನ್ ಬೇಕಾಗುತ್ತದೆ, ಅಷ್ಟೇ.

ವೈದ್ಯ ಮಿತ್ರರಿಗೂ ಇಲ್ಲೇ ಹೇಳಬೇಕು. ಓಡಿದಾಗ ಬರುವ ನೋವನ್ನು ಮಲಗಿಸಿ ಹುಡುಕಬೇಡಿ. ಮೆಟ್ಟಿಲು ಹತ್ತಿಸಿ, ಆಸ್ಪತ್ರೆಯ ಅಂಗಳ ಸುತ್ತಿಸಿ, ನೋವು ಬಂದ ಮೇಲೆ ಮುಟ್ಟಿ ನೋಡಿ. ತೊಡೆಯೊಳಗಿಂದ ಇಳಿದು ಬರುವ ಸ್ಯಾಫಿನಸ್ ನರ ಮೊಣಕಾಲಿನ ಮೇಲೆಯೇ ಸಿಕ್ಕಿಕೊಂಡರೆ ಕಣಕಾಲಿನ ಒಳಅಂಚಿನಲ್ಲಿ ಉರಿ ಕಾಣಿಸುತ್ತದೆ. ಅದನ್ನು ಎಲುಬಿನ ನೋವೆಂದು ತಿಂಗಳುಗಟ್ಟಲೆ ಐಸ್ ಇಡಿಸುವುದುಂಟು. ಬೆನ್ನುಹುರಿಯಿಂದ ಹೊರಡುವಲ್ಲೇ ನರದ ಬೇರು ಒತ್ತಿದ್ದರೆ ಬೆನ್ನಿಗೆ ಏನೂ ಆಗದೆ ಕಾಲು ಮಾತ್ರ ನೋಯಬಹುದು. ಕಾಲು ನೋವೆಂದು ಬಂದ ಆಟಗಾರನ ಸೊಂಟವನ್ನೂ ಒಮ್ಮೆ ನೋಡಿ. ಎರಡೂ ಕಾಲು ಜೋಮು ಹಿಡಿದು, ಕೂರುವ ಜಾಗ ಮರಗಟ್ಟಿ, ಮೂತ್ರದ ಹಿಡಿತ ತಪ್ಪಿತೆಂದರೆ ಅದು ಅದೇ ರಾತ್ರಿ ದೊಡ್ಡಾಸ್ಪತ್ರೆಗೆ ಓಡಬೇಕಾದ ಸ್ಥಿತಿ. ನರದ ವೇಗ ಅಳೆಯುವ ಪರೀಕ್ಷೆಯನ್ನು ಪೆಟ್ಟು ಬಿದ್ದ ಮರುದಿನವೇ ಮಾಡಿಸಿ “ಪರವಾಗಿಲ್ಲ” ಎಂದು ಬರೆದು ಕೊಡಬೇಡಿ. ಅದರ ಜೊತೆಗೆ ಮಾಡುವ ಸ್ನಾಯುವಿನ ಸೂಜಿ ಪರೀಕ್ಷೆಯಲ್ಲಿ ಪೂರ್ತಿ ಬದಲಾವಣೆ ಕಾಣಲು ಸುಮಾರು 3 ವಾರ ಹಿಡಿಯುತ್ತದೆ. ಓಡಿದಾಗ ಮಾತ್ರ ಸಿಕ್ಕಿಕೊಳ್ಳುವ ನರ ಈ ಪರೀಕ್ಷೆಗಳಿಗೂ ಎಷ್ಟೋ ಸಲ ಸಿಗುವುದಿಲ್ಲ. ನಿಮ್ಹಾನ್ಸಿನವರೆಗೆ ಕಳಿಸುವ ಮೊದಲು ನಿಮ್ಮದೇ ಬೆರಳು, ಒಂದೆಳೆ ಹತ್ತಿ, ಹತ್ತು ನಿಮಿಷದ ತಾಳ್ಮೆ ಇಷ್ಟನ್ನು ಕೊಟ್ಟು ನೋಡಿ.

ಇನ್ನು ತಡಮಾಡಬಾರದ ಒಂದು ಸಂಗತಿ. ಇದನ್ನು ಪ್ರತಿ ಕೋಚ್‌ಗೂ ಬಾಯಿಪಾಠ ಮಾಡಿಸಬೇಕು. ಕಣಕಾಲಿಗೆ ಜೋರಾಗಿ ಒದೆ ಬಿದ್ದ ಮೇಲೆ, ಅಥವಾ ಎಲುಬು ಮುರಿದ ಮೇಲೆ, ಒಳಗೆ ರಕ್ತ, ನೀರು ತುಂಬಿ ಸ್ನಾಯುವಿನ ಬಿಗಿ ಕೋಣೆಯಲ್ಲಿ ಒತ್ತಡ ಏರುತ್ತದೆ. ಕಾಲು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬಿದ್ದ ಪೆಟ್ಟಿಗೆ ತಾಳೆಯೇ ಆಗದಷ್ಟು ನೋವು. ಬೆರಳನ್ನು ಮೆಲ್ಲಗೆ ಬಗ್ಗಿಸಿದರೂ ಮಗು ಚೀರುತ್ತದೆ. ಹೆಬ್ಬೆರಳ ಸಂದು ಮರಗಟ್ಟುತ್ತದೆ. ಪಾದದಲ್ಲಿ ನಾಡಿ ಸಿಗುತ್ತಿದೆ ಎಂದು ಸಮಾಧಾನಪಡಬೇಡಿ, ನಾಡಿ ಕೊನೆಯವರೆಗೂ ಇರಬಹುದು. ಸುಮಾರು 6 ಗಂಟೆಗಳಾಚೆ ನರವೂ ಸ್ನಾಯುವೂ ಸಾಯತೊಡಗುತ್ತವೆ, ಸತ್ತ ಮೇಲೆ ಮರಳುವುದಿಲ್ಲ. ಆಗ ತಿಕ್ಕಬಾರದು, ಬಿಗಿದು ಕಟ್ಟಬಾರದು. ಕಟ್ಟಿದ್ದೆಲ್ಲ ಬಿಚ್ಚಿ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತದೆ, ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಗೆ ನೇರ ಹೋಗಬೇಕು. ಬಿದಿರುಪಟ್ಟಿ ಇಟ್ಟು ಬಿಗಿದು ಕಟ್ಟುವ ನಾಟಿ ವೈದ್ಯರ ಬಗ್ಗೆ ಊರವರಿಗಿರುವ ಗೌರವ ನನಗೆ ಗೊತ್ತು. ಅವರಲ್ಲಿ ಅನುಭವಿಗಳಿದ್ದಾರೆ. ಆದರೆ ಬಿಗಿ ಕಟ್ಟಿನೊಳಗೆ ಕೊಳೆತ ಕಾಲುಗಳನ್ನು ನಮ್ಮ ದೇಶದ ಶಸ್ತ್ರವೈದ್ಯರು ಇಂದಿಗೂ ಕತ್ತರಿಸುತ್ತಿದ್ದಾರೆ. ಕಟ್ಟಿದ ಮೇಲೆ ನೋವು ಏರಿದರೆ, ಬೆರಳು ಜೋಮು ಹಿಡಿದರೆ, ಕಟ್ಟಿದವರ ಅಪ್ಪಣೆಗೂ ಕಾಯದೆ ಬಿಚ್ಚಿ.

ಇಂಜೆಕ್ಷನ್ನಿನ ಮಾತು. ನಾಳೆ ಫೈನಲ್ ಇದೆ ಎಂದು ಇವತ್ತು ಪೃಷ್ಠಕ್ಕೆ ನೋವಿನ ಇಂಜೆಕ್ಷನ್ ಚುಚ್ಚಿಸುವುದು ನಮ್ಮಲ್ಲಿ ಮಾಮೂಲಾಗಿದೆ. ಸೂಜಿ ಜಾಗ ತಪ್ಪಿ ಒಳಗೆ ಹೋದರೆ ಸಿಗುವುದು ಸಯಾಟಿಕ್ ನರ. ಸಣಕಲು ಮೈಯ ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು. ಕಾಲುನೋವಿಗೆಂದು ಹೋಗಿ ಪಾದವೇ ಜೋತುಬಿದ್ದ ಕಾಲಿನೊಂದಿಗೆ ಮರಳಿದ ಮಕ್ಕಳು ನಮ್ಮ ನಡುವೆ ಇದ್ದಾರೆ. ಮಾತ್ರೆಗಳೂ ಸಾಧು ಅಲ್ಲ. ಟ್ರಮಡಾಲ್ ಎಂಬ ನೋವು ನಿವಾರಕ 2024ರ ಜನವರಿ 1ರಿಂದ ಸ್ಪರ್ಧೆಯ ವೇಳೆ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿದೆ. ಸ್ಟೀರಾಯ್ಡ್ ಇಂಜೆಕ್ಷನ್ನುಗಳು ಯಾವ ಭಾಗಕ್ಕೆ ಚುಚ್ಚಿದರೂ 2022ರಿಂದ ಸ್ಪರ್ಧೆಯ ವೇಳೆ ನಿಷಿದ್ಧ. ಯಾರೋ ಕೊಟ್ಟ ಚೀಟಿಯ ಮಾತ್ರೆ ನುಂಗಿದ ಹುಡುಗ ಡೋಪಿಂಗ್ ಕಳಂಕ ಹೊತ್ತು ಮನೆಗೆ ಹೋಗಬೇಕಾದೀತು. ಜೋಮು ಎಂದೊಡನೆ ವಾರಕ್ಕೊಂದು “ನರದ ಇಂಜೆಕ್ಷನ್” ಕೊಡಿಸುವ ಪರಿಪಾಠವೂ ಇದೆ. ಬಿ12 ಕೊರತೆಯಿದ್ದವರಿಗೆ ಅದು ನಿಜಕ್ಕೂ ಔಷಧ. ನಮ್ಮ ಸಸ್ಯಾಹಾರಿ ಮಕ್ಕಳಲ್ಲಿ ಆ ಕೊರತೆ ಇರುವುದೂ ನಿಜ, ರಕ್ತ ಪರೀಕ್ಷೆ ಮಾಡಿಸಿ. ಆದರೆ ಪೊರೆಯಲ್ಲಿ ಸಿಕ್ಕಿಕೊಂಡ ನರವನ್ನು ಯಾವ ವಿಟಮಿನ್ನೂ ಬಿಡಿಸುವುದಿಲ್ಲ. ಬಿ6 ಮಿತಿಮೀರಿದರೆ ಅದೇ ನರಗಳನ್ನು ಹಾಳುಮಾಡುತ್ತದೆ.

ಹೇಳಲು ಎಲ್ಲರೂ ಹಿಂಜರಿಯುವ ಒಂದು ಕಾಯಿಲೆಯ ಹೆಸರನ್ನೂ ಹೇಳಿಯೇಬಿಡುತ್ತೇನೆ. ಕುಷ್ಠ. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಅದು ನಿವಾರಣೆಯಾಯಿತೆಂದು 2005ರಲ್ಲಿ ದೇಶ ಘೋಷಿಸಿಕೊಂಡಿತು. ಆದರೂ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಭಾರತದವರೇ. ಆ ರೋಗಾಣು ಹುಡುಕಿಕೊಂಡು ಹೋಗುವುದು ತಣ್ಣಗಿನ, ಚರ್ಮಕ್ಕೆ ಹತ್ತಿರವಾದ ನರಗಳನ್ನು. ಕಾಲಿನಲ್ಲಿ ಅದು ಮೊಣಕಾಲಿನ ಹೊರಗುಬುಟಿನ ಬಳಿಯ ಅದೇ ಪೆರೋನಿಯಲ್ ನರ, ಮತ್ತೆ ಹರಡಿನ ಒಳಮಗ್ಗುಲಿನ ಟಿಬಿಯಲ್ ನರ. ಓಡುವ ಹುಡುಗನ ಚಪ್ಪಲಿ ಕಾಲಿಂದ ಜಾರಿ ಬಿದ್ದದ್ದು ಅವನಿಗೇ ತಿಳಿಯಲಿಲ್ಲವೆಂದರೆ, ಗುಬುಟಿನ ಬಳಿ ಹಗ್ಗದ ಹಾಗೆ ದಪ್ಪ ನರ ಕೈಗೆ ಸಿಕ್ಕಿತೆಂದರೆ, ಮೈಮೇಲೆ ಸ್ಪರ್ಶ ತಿಳಿಯದ ಮಾಸಲು ಮಚ್ಚೆಯಿತ್ತೆಂದರೆ ನಾಚಿಕೆಪಡದೆ ಪರೀಕ್ಷೆ ಮಾಡಿಸಿ. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಔಷಧ ಶುರುವಾದರೆ ಅದು ಬೇರೆಯವರಿಗೆ ಹರಡುವುದೂ ಬೇಗ ನಿಲ್ಲುತ್ತದೆ. ಹೆಸರಿಗೆ ಹೆದರಿ ಮುಚ್ಚಿಟ್ಟರೆ ಹೋಗುವುದು ಮಗುವಿನ ಪಾದ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ನರ ತನ್ನದೇ ಲೆಕ್ಕ ಇಟ್ಟುಕೊಂಡಿದೆ. ತುಂಡಾದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕಾಲಿನಿಂದ ಪಾದದವರೆಗೆ ಒಂದು ವರ್ಷದ ದಾರಿ. ಅತ್ತ ಸ್ನಾಯುಗಳು ನರ ಬಂದೀತೆಂದು ಕಾಯುವುದು ಒಂದೂವರೆ ವರ್ಷದವರೆಗೆ ಮಾತ್ರ. ಆಮೇಲೆ ನರ ತಲುಪಿದರೂ ಸ್ನಾಯು ಉಳಿದಿರುವುದಿಲ್ಲ.

ಜೈಲನ್ ಸ್ಮಿತ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನಿಗೆ 2016ರ ಜನವರಿ 1ರಂದು, ಕಾಲೇಜು ಪಂದ್ಯವೊಂದರಲ್ಲಿ, ಮೊಣಕಾಲಿನ ಕಟ್ಟುಗಳು ಹರಿದು ಇದೇ ಪೆರೋನಿಯಲ್ ನರಕ್ಕೆ ಏಟಾಯಿತು. ಪಾದ ಜೋತುಬಿತ್ತು. ಅವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದವರು ವೃತ್ತಿಪರ ಲೀಗಿನ ಡಲ್ಲಾಸ್ ಕೌಬಾಯ್ಸ್ ತಂಡದ ವೈದ್ಯರು. ನರ ಮರಳುತ್ತದೆ ಎಂಬ ನಂಬಿಕೆಯ ಮೇಲೆ ಆ ತಂಡ ಅವನನ್ನು ಆರಿಸಿಕೊಂಡಿತು, ಒಂದು ಇಡೀ ಋತು ಆಡಿಸದೆ ಕಾಯಿತು. 2017ರಲ್ಲಿ ಪಾದ ಎತ್ತಿಹಿಡಿಯುವ ಪಟ್ಟಿ ತೊಟ್ಟು ಅವನು ಅಂಕಣಕ್ಕಿಳಿದ. 2019ರ ಋತುವಿನ ಆಟದ ಬಲದ ಮೇಲೆ ಆ ಲೀಗಿನ ಶ್ರೇಷ್ಠರ ಪಂದ್ಯಕ್ಕೆ ಆಯ್ಕೆಯಾದ. ಅವನಿಗೆ ವೈದ್ಯರಿದ್ದರು, ವಿಮೆಯಿತ್ತು, ಕಾಯುವ ತಂಡವಿತ್ತು. ಅವನಿಗೆ ಸುತ್ತಿಕೊಂಡ ನರ ಯಾವುದೋ ನಮ್ಮ ತಾಲ್ಲೂಕಿನ ಕಬಡ್ಡಿ ಹುಡುಗನಿಗೆ ಸುತ್ತಿಕೊಂಡಿರುವುದೂ ಅದೇ. ಈ ಹುಡುಗನಿಗಾಗಿ ಕಾಯುವವರು ಯಾರು?

ಕಾಯುವುದಿರಲಿ, ಹೇಳಿಕೊಳ್ಳಲೂ ಅವನಿಗೆ ಧೈರ್ಯವಿಲ್ಲ. ಕ್ರೀಡಾ ಹಾಸ್ಟೆಲ್ಲಿನ ಹುಡುಗಿ ಯಾಕೆ ಸುಮ್ಮನಿರುತ್ತಾಳೆ ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ಅವಳ ಪಾಲಿಗೆ ಆ ಸೀಟು ಆಟಕ್ಕಿಂತ ದೊಡ್ಡದು. ಸೀಟು ಹೋದರೆ ಮೊಟ್ಟೆ–ಹಾಲಿನ ಊಟ ಹೋಗುತ್ತದೆ, ಓದು ಹೋಗುತ್ತದೆ, ಊರಿಗೆ ಮರಳಿದ ಮೇಲೆ ಮದುವೆಯ ಮಾತು ಶುರುವಾಗುತ್ತದೆ. ಕಾಲು ಜೋಮು ಹಿಡಿದದ್ದನ್ನು ಹೇಳುವುದೋ ಇವನ್ನೆಲ್ಲ ಉಳಿಸಿಕೊಳ್ಳುವುದೋ ಎಂಬ ಆಯ್ಕೆ ಅವಳ ಮುಂದಿದೆ. ಅವಳು ಲೆಕ್ಕ ಹಾಕಿಯೇ ಬಾಯಿ ಮುಚ್ಚಿಕೊಂಡಿದ್ದಾಳೆ. ಪೊಲೀಸ್ ಕಾನ್‌ಸ್ಟೆಬಲ್ ಆಗಲು, ಸೈನ್ಯ ಸೇರಲು 1600 ಮೀಟರ್ ಓಡುವ ಹುಡುಗರದೂ ಇದೇ ಕತೆ. ಬೆಳಗಿನ ಜಾವ ಧಾರವಾಡ, ವಿಜಯಪುರ, ಕಲಬುರಗಿಯ ಹೊರದಾರಿಗಳಲ್ಲಿ ನೋಡಿ. ಸವೆದ ಬೂಟು, ಡಾಂಬರು ರಸ್ತೆ, ಮನೆಯಲ್ಲಿ ಸಾಲ. ಮೆಡಿಕಲ್‌ನಲ್ಲಿ ಹೊರಗೆ ಹಾಕುತ್ತಾರೆಂಬ ಭಯಕ್ಕೆ ಪಾದ ಎಳೆಯುತ್ತಿದ್ದರೂ ಮುಚ್ಚಿಕೊಂಡು ಓಡುತ್ತಾರೆ. ಮುಚ್ಚಿಟ್ಟ ನರ ವಾಸಿಯಾಗುವುದಿಲ್ಲ. ನೇಮಕಾತಿಯ ದಿನ ಕೈಕೊಡುತ್ತದೆ, ಇಲ್ಲವೇ ನೌಕರಿ ಸಿಕ್ಕ ಮೇಲೆ ತರಬೇತಿಯಲ್ಲಿ.

ಆದ್ದರಿಂದ ನನ್ನ ಮೊದಲ ಬೇಡಿಕೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ. ನೋವು ಹೇಳಿಕೊಂಡ ಮಗುವಿನ ಸೀಟು ಆ ಕಾರಣಕ್ಕೆ ಹೋಗುವುದಿಲ್ಲ ಎಂದು ಬರಹದಲ್ಲಿ ಕೊಡಿ, ಪ್ರತಿ ಹಾಸ್ಟೆಲ್ಲಿನ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ಸಿಂಥೆಟಿಕ್ ಟ್ರ್ಯಾಕು ಹಾಕಿಸಲು ಸಿಗುವ ಹಣದ ಪಕ್ಕದಲ್ಲಿ ಜಿಲ್ಲೆಗೊಬ್ಬ ಫಿಸಿಯೋಥೆರಪಿಸ್ಟರ ಸಂಬಳ ದೊಡ್ಡ ಮೊತ್ತವೇನೂ ಅಲ್ಲ. ಅವರು ವಾರಕ್ಕೊಮ್ಮೆ ಹಾಸ್ಟೆಲ್ಲಿಗೆ ಹೋಗಿ ಕಾಲು ನೋಡಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು ಕಣ್ಣು, ಹಲ್ಲು, ಹೃದಯ ನೋಡುತ್ತದೆ. ತಂಡದ ಆಟಗಾರರಿಗೆ ಅವರು ಇನ್ನೊಂದೇ ಪ್ರಶ್ನೆ ಕೇಳಲಿ: ಓಡುವಾಗ ಕಾಲು ಉರಿಯುತ್ತದೆಯೇ, ಜೋಮು ಹಿಡಿಯುತ್ತದೆಯೇ?

ದೈಹಿಕ ಶಿಕ್ಷಕರೇ, ನಿಮ್ಮ ಮೇಲೆ ಹೊರೆ ಹೊರಿಸುತ್ತಿದ್ದೇನೆಂದು ಗೊತ್ತಿದೆ. ನೂರಾರು ಮಕ್ಕಳಿಗೆ ನೀವೊಬ್ಬರೇ. ಬಿಸಿಯೂಟದ ಲೆಕ್ಕವೂ ನಿಮ್ಮದೇ, ಚುನಾವಣಾ ಕೆಲಸವೂ ನಿಮ್ಮದೇ. ಆದರೂ ಮಗು ಮೊದಲು ಬಂದು ನಿಲ್ಲುವುದು ನಿಮ್ಮ ಮುಂದೆ, ಡಾಕ್ಟರ ಮುಂದಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಈ ವರ್ಷದ ವಲಯ ಮಟ್ಟದ ಕ್ರೀಡಾಕೂಟಕ್ಕೆ ಹೆಸರು ಕಳಿಸುವ ಮೊದಲು ತಂಡದ ಮಕ್ಕಳನ್ನು ಬರಿಗಾಲಲ್ಲಿ ಸಾಲಾಗಿ ನಿಲ್ಲಿಸಿ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಸಿ. ಹಿಮ್ಮಡಿಯಲ್ಲಿ ನಡೆಯುವಾಗ ಯಾರ ಪಾದ ಪಟಪಟನೆ ನೆಲಕ್ಕೆ ಬೀಳುತ್ತದೆ, ಯಾರ ಹೆಬ್ಬೆರಳು ಮೇಲೇಳುವುದಿಲ್ಲ, ನೋಡಿ. ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಗೆಳೆಯರ ಎದುರಲ್ಲದೆ, ಉರಿ–ಜೋಮಿನ ಪ್ರಶ್ನೆ ಕೇಳಿ. ಹೌದು ಎಂದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಹೆಸರಿನ ಮುಂದೆ ಒಂದು ಗುರುತು ಹಾಕಿಕೊಂಡು, ಆ ವಾರವೇ ಅವರ ಜೊತೆ ತಾಲ್ಲೂಕು ಆಸ್ಪತ್ರೆಗೆ ನೀವೇ ಹೋಗಿ. ಡಾಕ್ಟರು ಎಕ್ಸ್‌ರೇ ನೋಡಿ ಏನೂ ಇಲ್ಲ ಎಂದರೆ, “ಸರ್, ಒಮ್ಮೆ ಓಡಿಸಿ ನೋಡ್ರಿ” ಎಂದು ಆ ಮಗುವಿನ ಪರವಾಗಿ ನೀವು ಹೇಳಿ.